ಏಳನೆಯ ಆರ್ಗ್ಯುಮೆಂಟ್ ಬಂದಾಗ: ಡ್ರೈವರ್‌ನ ಕರೆ ಹೇಗಿರಬೇಕು?

ಪ್ರಶ್ನೆ: ನಾನು ಉಡುಪಿಯ ಸಣ್ಣ ಸಂಸ್ಥೆಯೊಂದರಲ್ಲಿ ಎಂಬೆಡೆಡ್ ಎಂಜಿನಿಯರ್. ಮಲ್ಪೆಯ ಆಳಸಮುದ್ರ ಬೋಟುಗಳಲ್ಲಿ ಮೀನು ಮತ್ತು ಮಂಜುಗಡ್ಡೆ ತುಂಬುವ ಕೋಣೆಯ ಉಷ್ಣತೆಯನ್ನು ದಾಖಲಿಸುವ ಬೋರ್ಡೊಂದಕ್ಕೆ ಲಿನಕ್ಸ್ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬರೆದಿದ್ದೇನೆ. ಅಳತೆ ಆರಂಭಿಸುವ ಕರೆಗೆ ಮೊದಲು ಚಾನೆಲ್, ವೇಗ, ಎಣಿಕೆ ಎಂಬ ಮೂರೇ ಆರ್ಗ್ಯುಮೆಂಟ್‌ಗಳಿದ್ದವು (ಕರೆಯೊಂದಿಗೆ ಕೊಡುವ ಬೆಲೆಗಳು). ಆಮೇಲೆ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ), ಫಿಲ್ಟರ್, ಟ್ರಿಗರ್ (ಅಳತೆಗೆ ಚಾಲನೆ ಕೊಡುವ ಸಂಕೇತ), ಬಫರ್‌ನ (ಅಳತೆಗಳನ್ನು ತುಂಬುವ ಜಾಗದ) ವಿಳಾಸ ಒಂದೊಂದಾಗಿ ಸೇರಿ ಈಗ ಏಳಾಗಿವೆ. ಒಂದೊಂದು ಸೇರಿದಾಗಲೂ ಆ್ಯಪ್ ಡ್ರೈವರ್‌ಗೆ ಆಜ್ಞೆ ಕೊಡುವ ಐಒಸಿಟಿಎಲ್ ಕರೆಗೆ ಹೊಸ ಸಂಖ್ಯೆ ಹುಟ್ಟುತ್ತದೆ. ಸಿ ಭಾಷೆಯ ಮುದ್ರಣದ ಫಂಕ್ಷನ್ ಪ್ರಿಂಟ್‌ಎಫ್‌ನಂತೆ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ಸ್ವೀಕರಿಸುವ ಫಂಕ್ಷನ್ ಬರೆಯಬಹುದೇ? ಇಲ್ಲವೇ ಒಂದು ವಾಯ್ಡ್ ಪಾಯಿಂಟರ್ (ಅಲ್ಲಿರುವುದು ಯಾವ ಬಗೆಯ ದತ್ತಾಂಶವೆಂದು ಹೇಳದ ವಿಳಾಸ) ಇಟ್ಟುಬಿಡಲೇ? ಬೋಟುಗಳು ನಮ್ಮ ಕೈಗೆ ಸಿಗುವುದು ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಮಾತ್ರ. ಹಾಗಾಗಿ ಕೆಲವು ಬೋಟುಗಳಲ್ಲಿ ಹಳೆಯ ಆ್ಯಪ್ ಮತ್ತು ಹೊಸ ಡ್ರೈವರ್, ಕೆಲವದರಲ್ಲಿ ಹೊಸ ಆ್ಯಪ್ ಮತ್ತು ಹಳೆಯ ಡ್ರೈವರ್ ಉಳಿದುಬಿಡುತ್ತವೆ.

ಉತ್ತರ: ನೀವು ಕೇಳಿದ ಎರಡು ದಾರಿಗಳೂ ಬೇಡ. ತನ್ನ ಗಾತ್ರವನ್ನು ತಾನೇ ಹೇಳಿಕೊಳ್ಳುವ ಸ್ಟ್ರಕ್ಚರ್ ಒಂದನ್ನು (ಹಲವು ಸದಸ್ಯಗಳ ಒಂದು ಕಟ್ಟನ್ನು) ಕಳುಹಿಸುವುದು ಮೂರನೆಯ ದಾರಿ. ನಿಮ್ಮ ಪರಿಸ್ಥಿತಿಗೆ ಅದೇ ಸರಿ. ಆದರೆ ಸ್ಟ್ರಕ್ಚರ್ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಡ್ರೈವರ್ ತನಗೆ ಅರ್ಥವಾಗದ್ದನ್ನು ಇಂದು ತಿರಸ್ಕರಿಸಿದರೆ ಮಾತ್ರ ಅದೇ ಜಾಗಕ್ಕೆ ನಾಳೆ ಅರ್ಥ ಕೊಡಲು ಸಾಧ್ಯವಾಗುತ್ತದೆ. ಹೊಂದಿಕೊಳ್ಳುವ ಕರೆ ಎಂದರೆ ಏನು ಬಂದರೂ ನುಂಗುವ ಕರೆ ಎಂದು ತಿಳಿದವರು ಹಲವರು. ಒಂದು ಕಾಲದಲ್ಲಿ ನಾನೂ ಹಾಗೆಯೇ ತಿಳಿದಿದ್ದೆ.

ನಿಮ್ಮ ಪತ್ರದಲ್ಲಿ ಎರಡು ಬಗೆಯ ಕರೆಗಳು ಬೆರೆತುಹೋಗಿವೆ; ಮೊದಲು ಅವನ್ನು ಬಿಡಿಸಿಕೊಳ್ಳೋಣ. ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಒಳಗೇ ಒಂದು ಮಾಡ್ಯೂಲ್ ಇನ್ನೊಂದನ್ನು ಕರೆಯುವುದು ಒಂದು ಬಗೆ. ಕರ್ನಲ್‌ನ ಹೊರಗಿನ ಯೂಸರ್ ಸ್ಪೇಸ್‌ನ ಆ್ಯಪ್ ಗಡಿ ದಾಟಿ ಡ್ರೈವರ್‌ಗೆ ಬರುವುದು ಇನ್ನೊಂದು. ಒಳಗಿನ ಕರೆಗಳ ವಿಷಯದಲ್ಲಿ ಲಿನಕ್ಸ್ ಯಾವ ಸ್ಥಿರತೆಯ ಭರವಸೆಯನ್ನೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ: ಫಂಕ್ಷನ್ ಬದಲಾದರೆ ಅದನ್ನು ಕರೆಯುವವರೆಲ್ಲ ಅದೇ ಕೋಡ್ ಮರದಲ್ಲಿದ್ದಾರೆ, ಕಂಪೈಲರ್ ಒಬ್ಬೊಬ್ಬರನ್ನೇ ಹುಡುಕಿ ತೋರಿಸುತ್ತದೆ. ಉದಾಹರಣೆಗೆ, ಟೈಮರ್ ಕಾಲ್‌ಬ್ಯಾಕ್‌ಗೆ (ಗೊತ್ತಾದ ಹೊತ್ತಿಗೆ ಕರ್ನಲ್ ಕರೆಯುವ ಫಂಕ್ಷನ್‌ಗೆ) ಮೊದಲು ಒಂದು ಅನ್‌ಸೈನ್ಡ್ ಲಾಂಗ್ ಎಂಬ ಪೂರ್ಣಾಂಕ ಹೋಗುತ್ತಿತ್ತು. ಅದರೊಳಗೆ ಯಾವ ಪಾಯಿಂಟರ್ ಅಡಗಿದೆ ಎಂಬುದು ಬರೆದವರಿಗೆ ಮಾತ್ರ ಗೊತ್ತಿರುತ್ತಿತ್ತು. 2018ರ ಜನವರಿಯಲ್ಲಿ ಬಂದ 4.15ನೇ ಆವೃತ್ತಿಯ ಹೊತ್ತಿಗೆ ಆ ಪದ್ಧತಿಯನ್ನು ಪೂರ್ತಿಯಾಗಿ ಕಿತ್ತುಹಾಕಿ, ಟೈಮರ್ ಸ್ಟ್ರಕ್ಚರ್‌ನ ಪಾಯಿಂಟರನ್ನೇ ಕೊಟ್ಟು, ಅದನ್ನು ಒಳಗೊಂಡಿರುವ ಡ್ರೈವರ್‌ನ ಸ್ಟ್ರಕ್ಚರನ್ನು ಅದರಿಂದಲೇ ಲೆಕ್ಕ ಹಾಕಿ ಪಡೆಯುವಂತೆ ಮಾಡಿದರು. ನೂರಾರು ಡ್ರೈವರ್‌ಗಳು ಬದಲಾದವು, ಆದರೆ ಹೊರಗಿನ ಒಂದು ಆ್ಯಪ್‌ಗೂ ಅದು ತಿಳಿಯಲಿಲ್ಲ.

ಆದ್ದರಿಂದ ಒಳಗಿನ ಫಂಕ್ಷನ್‌ಗೆ ಏಳು ಆರ್ಗ್ಯುಮೆಂಟ್ ಇದ್ದರೆ ಪ್ರಳಯವೇನೂ ಆಗುವುದಿಲ್ಲ. ಯುಎಸ್‌ಬಿ_ಕಂಟ್ರೋಲ್_ಎಂಎಸ್‌ಜಿ ಎಂಬ ಫಂಕ್ಷನ್‌ಗೆ ಒಂಬತ್ತಿವೆ. ಅವುಗಳಲ್ಲಿ ಐದು, ಯುಎಸ್‌ಬಿ ನಿಯಮದ 8 ಬೈಟಿನ ಸೆಟಪ್ ಪ್ಯಾಕೆಟ್‌ನಲ್ಲಿರುವ ಐದು ಭಾಗಗಳಿಗೆ ನೇರವಾಗಿ ಹೊಂದುವುದರಿಂದ ಓದುವವರಿಗೆ ತೊಡಕಾಗುವುದಿಲ್ಲ. ತೊಡಕಾಗುವುದು ‘ನಿಜ, ಸುಳ್ಳು, ಸುಳ್ಳು, 4’ ಎಂದು ಸಾಲಾಗಿ ನಿಂತ ಆರ್ಗ್ಯುಮೆಂಟ್‌ಗಳಿಂದ: ಎರಡು ಅದಲುಬದಲಾದರೂ ಕಂಪೈಲರ್ ಸುಮ್ಮನಿರುತ್ತದೆ. ಅಂಥ ಕಡೆ ಚಿಪ್‌ಗಳ ರಿಜಿಸ್ಟರ್ ಓದಿ ಬರೆಯುವ ಕರ್ನಲ್ ವಿಭಾಗ ರೆಗ್‌ಮ್ಯಾಪ್‌ನವರ ಮಾದರಿಯನ್ನು ನೋಡಿ. ಅವರ ಕಾನ್ಫಿಗ್ ಸ್ಟ್ರಕ್ಚರ್‌ನಲ್ಲಿ ಹತ್ತಾರು ಸದಸ್ಯಗಳಿವೆ, ಆದರೆ ಹೆಚ್ಚಿನ ಡ್ರೈವರ್‌ಗಳು ಮೂರು ನಾಲ್ಕನ್ನು ಹೆಸರು ಹೇಳಿ ತುಂಬಿ ಉಳಿದದ್ದನ್ನು ಬಿಟ್ಟುಬಿಡುತ್ತವೆ. 1999ರ ಸಿ ಮಾನಕವು ಸದಸ್ಯವನ್ನು ಹೆಸರಿನಿಂದಲೇ ತುಂಬಲು ಅವಕಾಶ ಕೊಟ್ಟಿತು. ಹೆಸರಿಸದೆ ಬಿಟ್ಟದ್ದು ಸೊನ್ನೆಯಾಗುತ್ತದೆ. ಈ ಸೊನ್ನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ನಿಜವಾದ ತೊಂದರೆ ಇರುವುದು ಗಡಿ ದಾಟುವ ಕರೆಯಲ್ಲಿ. ಅಲ್ಲಿ ಕರೆಯುವವರನ್ನು ಕಂಪೈಲರ್ ಹುಡುಕಿ ಕೊಡುವುದಿಲ್ಲ, ಏಕೆಂದರೆ ಅವರು ಲಕ್ಷದ್ವೀಪದ ಕಡೆ ಎಲ್ಲೋ ಬಲೆ ಬಿಟ್ಟು ಕುಳಿತಿರುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಆ ಎರಡು ತಿಂಗಳಲ್ಲಿ ಕೈಗೆ ಸಿಗದ ಬೋಟು ಇನ್ನೊಂದು ವರ್ಷ ಹಳೆಯ ಬೈನರಿಯಲ್ಲೇ (ಕಂಪೈಲ್ ಆದ ಪ್ರೋಗ್ರಾಂನಲ್ಲೇ) ಓಡುತ್ತದೆ ಎಂದು ಲೆಕ್ಕ ಹಾಕಿಯೇ ನೀವು ಕರೆಯನ್ನು ರೂಪಿಸಬೇಕು.

ಇನ್ನು ಪ್ರಿಂಟ್‌ಎಫ್ ಮಾದರಿ. ಸಿ ಭಾಷೆಯಲ್ಲಿ ಮೂರು ಚುಕ್ಕಿಯ ಆರ್ಗ್ಯುಮೆಂಟ್‌ಗಳಿಗೆ ಎಷ್ಟು ಬಂದಿವೆ, ಯಾವ ಬಗೆಯವು ಎಂಬ ಗುರುತು ಯಾವುದೂ ಇರುವುದಿಲ್ಲ. ಪ್ರಿಂಟ್‌ಎಫ್‌ಗೆ ಅದರ ಫಾರ್ಮ್ಯಾಟ್ ಸಾಲೇ ಗುರುತು, ಅದನ್ನು ಕಂಪೈಲರ್ ಕೂಡ ಓದಿ ಎಚ್ಚರಿಸುತ್ತದೆ. ನಿಮ್ಮ ಕರೆಗೆ ಅಂಥ ಆಧಾರವಿಲ್ಲ. ಪಟ್ಟಿಯ ಕೊನೆಯನ್ನು ಸೂಚಿಸಲು ಪಾಯಿಂಟರ್ ಇರಬೇಕಾದಲ್ಲಿ ಬರಿಯ 0 ಬರೆದಿರಿ ಎನ್ನಿ: ಅದು 32 ಬಿಟ್ಟಿನ ಇಂಟ್ ಆಗಿ ಹೋಗುತ್ತದೆ, ತೆಗೆದುಕೊಳ್ಳುವವನು 64 ಬಿಟ್ಟು ಓದುತ್ತಾನೆ, ಮೇಲಿನ 32 ಬಿಟ್ಟಿನಲ್ಲಿ ಏನಿರುತ್ತದೆಂದು ಯಾರೂ ಖಾತ್ರಿ ಕೊಡಲಾರರು. ಇದಕ್ಕಿಂತ ಮೂಲಭೂತವಾದ ಅಡ್ಡಿಯೂ ಇದೆ. ಲಿನಕ್ಸ್‌ನ ಸಿಸ್ಟಂ ಕಾಲ್ ಆರಕ್ಕಿಂತ ಹೆಚ್ಚು ಆರ್ಗ್ಯುಮೆಂಟ್‌ಗಳನ್ನು ಒಯ್ಯುವುದಿಲ್ಲ, ಐಒಸಿಟಿಎಲ್ ಒಯ್ಯುವುದು ಮೂರನ್ನೇ: ಫೈಲ್‌ನ ಸಂಖ್ಯೆ, ಆಜ್ಞೆಯ ಸಂಖ್ಯೆ, ಕೊನೆಗೊಂದು ಲಾಂಗ್. ಲೈಬ್ರರಿಯ ಘೋಷಣೆಯಲ್ಲಿ ಅದಕ್ಕೆ ಮೂರು ಚುಕ್ಕಿ ಇರುವುದು ನಿಜ, ಆದರೆ ಆ ಚುಕ್ಕಿಗಳ ಅರ್ಥ ‘ಎಷ್ಟಾದರೂ ಕೊಡಿ’ ಎಂದಲ್ಲ, ‘ಮೂರನೆಯದು ಯಾವ ಬಗೆಯದೆಂದು ಕಂಪೈಲರ್ ವಿಚಾರಿಸುವುದಿಲ್ಲ’ ಎಂದಷ್ಟೇ. ಏಳು ಕೊಟ್ಟರೂ ಮೊದಲ ಮೂರರ ಆಚೆಗಿನ ಯಾವುದೂ ಕರ್ನಲ್ ತಲುಪುವುದಿಲ್ಲ.

ವಾಯ್ಡ್ ಪಾಯಿಂಟರ್ ಎಂದರೆ ಐಒಸಿಟಿಎಲ್ ಈಗಾಗಲೇ ಕೊಟ್ಟಿರುವುದನ್ನೇ ನೀವು ಮತ್ತೆ ಕೇಳಿದಂತಾಯಿತು. ಈ ಕರೆ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಬಂತು. ಅದಕ್ಕೆ ಮುನ್ನ ಟರ್ಮಿನಲ್‌ಗಳಿಗೆಂದೇ ಎರಡು ಪ್ರತ್ಯೇಕ ಕರೆಗಳಿದ್ದವು. ತನಗೆ ಗೊತ್ತಿಲ್ಲದ ಆಜ್ಞೆ ಬಂದರೆ ಡ್ರೈವರ್ ಹಿಂದಿರುಗಿಸಬೇಕಾದ ದೋಷಸಂಖ್ಯೆಯ ಹೆಸರು ಇಂದಿಗೂ ಇನಾಟ್‌ಟಿಟಿವೈ, ‘ಇದು ಟೆಲಿಟೈಪ್ ಅಲ್ಲ’ ಎಂದು. ನಿಮ್ಮ ಮಂಜಿನ ಕೋಣೆಯ ಬೋರ್ಡ್ ಕೂಡ ಅದನ್ನೇ ಹೇಳಬೇಕು, ನಗು ಬಂದರೂ ಸರಿ. ಪಾಯಿಂಟರ್ ಕಳುಹಿಸುವುದರಲ್ಲಿ ತಪ್ಪಿಲ್ಲ. ಅದರ ಹಿಂದೆ ಎಷ್ಟು ಬೈಟುಗಳಿವೆ, ಅವುಗಳಲ್ಲಿ ಯಾವುವು ತುಂಬಿದವು ಎಂದು ಹೇಳದೆ ಕಳುಹಿಸುವುದು ತಪ್ಪು.

ಹಾಗಾದರೆ ಸ್ಟ್ರಕ್ಚರ್ ಹೀಗಿರಲಿ. ಮೊದಲು 32 ಬಿಟ್ಟಿನ ಗಾತ್ರ, ಆಮೇಲೆ 32 ಬಿಟ್ಟಿನ ಫ್ಲ್ಯಾಗ್‌ಗಳು (ಹೌದು-ಅಲ್ಲ ಎನ್ನುವ ಬಿಟ್ಟುಗಳು). ನಂತರ ಚಾನೆಲ್, ವೇಗ, ಎಣಿಕೆ, ಗೇನ್, ಫಿಲ್ಟರ್, ಟ್ರಿಗರ್, ತಲಾ 32 ಬಿಟ್ಟು. ಇಲ್ಲಿಗೆ 32 ಬೈಟು ಆಯಿತು. ಕೊನೆಗೆ ಬಫರ್‌ನ ವಿಳಾಸ, ಆದರೆ ಪಾಯಿಂಟರ್ ಆಗಿ ಅಲ್ಲ, 64 ಬಿಟ್ಟಿನ ಪೂರ್ಣಾಂಕವಾಗಿ. ಒಟ್ಟು 40 ಬೈಟು. ಲಾಂಗ್ ಮತ್ತು ಪಾಯಿಂಟರ್ ಎಂಬ ಎರಡು ಪದಗಳು ಈ ಸ್ಟ್ರಕ್ಚರ್‌ನಲ್ಲಿ ಕಾಣಲೇಬಾರದು, ಏಕೆಂದರೆ 32 ಬಿಟ್ಟಿನ ಆ್ಯಪ್‌ನಲ್ಲಿ ಅವು 4 ಬೈಟು, 64 ಬಿಟ್ಟಿನ ಕರ್ನಲ್‌ನಲ್ಲಿ 8 ಬೈಟು. ವಿಳಾಸವನ್ನು ಕೊನೆಯಲ್ಲಿಟ್ಟದ್ದಕ್ಕೂ ಕಾರಣವಿದೆ. ಅದನ್ನು ಗಾತ್ರದ ಬೆನ್ನಿಗೇ ಇಟ್ಟಿದ್ದರೆ 64 ಬಿಟ್ಟಿನ ಯಂತ್ರದಲ್ಲಿಯೂ 32 ಬಿಟ್ಟಿನ ಆರ್ಮ್‌ನಲ್ಲಿಯೂ ಕಂಪೈಲರ್ ನಡುವೆ 4 ಬೈಟಿನ ತೆರಪು ಬಿಟ್ಟು 8ನೇ ಬೈಟಿನಿಂದ ಆರಂಭಿಸುತ್ತದೆ; 32 ಬಿಟ್ಟಿನ ಎಕ್ಸ್86ರಲ್ಲಿ ಮಾತ್ರ ತೆರಪಿಲ್ಲದೆ 4ನೇ ಬೈಟಿನಿಂದಲೇ ಆರಂಭಿಸುತ್ತದೆ. ಮೇಲೆ ಹೇಳಿದ ಕ್ರಮದಲ್ಲಿ ಎಲ್ಲವೂ ತಮ್ಮ ಗಾತ್ರದ ಗುಣಕದಲ್ಲೇ ಕೂರುವುದರಿಂದ ಎಲ್ಲಿಯೂ ತೆರಪಿಲ್ಲ. ಪಾಹೋಲ್ ಎಂಬ ಸಾಧನವು ಕಂಪೈಲ್ ಆದ ಕಡತವನ್ನು ಓದಿ ತೆರಪುಗಳನ್ನು ತೋರಿಸುತ್ತದೆ. ಅದರ ಜೊತೆಗೆ ‘ಗಾತ್ರ 40 ಆಗಿರಲೇಬೇಕು’ ಎಂಬ ಕಂಪೈಲ್ ಸಮಯದ ತಪಾಸಣೆಯನ್ನೂ ಬರೆದುಬಿಡಿ. ತೆರಪಿನಿಂದ ಇನ್ನೊಂದು ಅಪಾಯವೂ ಇದೆ: ಡ್ರೈವರ್ ಸ್ಟ್ರಕ್ಚರನ್ನು ಹಿಂದಿರುಗಿಸುವಾಗ ತೆರಪಿನಲ್ಲಿದ್ದ ಕರ್ನಲ್ ಸ್ಟ್ಯಾಕ್‌ನ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯ) ಹಳೆಯ ಬೈಟುಗಳು ಆ್ಯಪ್‌ಗೆ ಸೋರಿಹೋಗುತ್ತವೆ.

ಈಗ ಮುಂದಿನ ಮಳೆಗಾಲಕ್ಕೆ ಬರೋಣ. ನೀವು ಸರಾಸರಿಯ ಎಣಿಕೆ ಮತ್ತು ಎಚ್ಚರಿಕೆಯ ಮಿತಿ ಎಂಬ ಎರಡು ಸದಸ್ಯಗಳನ್ನು ಕೊನೆಯಲ್ಲಿ ಸೇರಿಸಿದಿರಿ, ಸ್ಟ್ರಕ್ಚರ್ 48 ಬೈಟಾಯಿತು. ಹಳೆಯ ಆ್ಯಪ್ 40 ಎಂದು ಹೇಳಿ ಬಂದರೆ ಹೊಸ ಡ್ರೈವರ್ 40 ಬೈಟನ್ನು ನಕಲು ಮಾಡಿಕೊಂಡು ಉಳಿದ 8ನ್ನು ಸೊನ್ನೆಯಿಂದ ತುಂಬುತ್ತದೆ. ಹೊಸ ಆ್ಯಪ್ 48 ಎಂದು ಹೇಳಿಕೊಂಡು ಹಳೆಯ ಡ್ರೈವರ್‌ಗೆ ಬಂದರೆ, ಅದು ತನಗೆ ಗೊತ್ತಿರುವ 40ರ ಆಚೆಗಿನ 8 ಬೈಟುಗಳನ್ನು ನೋಡುತ್ತದೆ: ಎಲ್ಲವೂ ಸೊನ್ನೆಯಾಗಿದ್ದರೆ ಆ್ಯಪ್ ಹೊಸ ಸೌಲಭ್ಯವನ್ನು ಕೇಳಿಲ್ಲ ಎಂದು ಕೆಲಸ ಮುಂದುವರಿಸುತ್ತದೆ, ಒಂದಾದರೂ ಸೊನ್ನೆಯಲ್ಲದಿದ್ದರೆ ಇ2ಬಿಗ್ (‘ತೀರಾ ದೊಡ್ಡದು’) ಎಂಬ ದೋಷವನ್ನು ಹಿಂದಿರುಗಿಸುತ್ತದೆ. ಈ ಮೂರು ಸಾಲಿನ ಲೆಕ್ಕವನ್ನು ನೀವು ಕೈಯಿಂದ ಬರೆಯಬೇಕಾಗಿಲ್ಲ. 2019ರ ನವೆಂಬರ್‌ನಲ್ಲಿ ಬಂದ 5.4ನೇ ಕರ್ನಲ್‌ನಿಂದ ಕಾಪಿ_ಸ್ಟ್ರಕ್ಟ್_ಫ್ರಮ್_ಯೂಸರ್ ಎಂಬ ಫಂಕ್ಷನ್ ಅದನ್ನೇ ಮಾಡುತ್ತದೆ. ಅದಕ್ಕೆ ಮೊದಲೂ ಕಾರ್ಯಕ್ಷಮತೆ ಅಳೆಯುವ ಪರ್ಫ್‌ನ ಮತ್ತು ಪ್ರೊಸೆಸರ್ ಸಮಯ ಹಂಚುವ ಶೆಡ್ಯೂಲರ್‌ನ ಕರೆಗಳು ಇದೇ ಉಪಾಯವನ್ನು ಬಳಸುತ್ತಿದ್ದವು. ಶೆಡ್_ಸೆಟ್‌ಅಟ್ರ್ ಎಂಬ ಕರೆ ಇ2ಬಿಗ್ ಹೇಳುವಾಗ ತನಗೆ ಗೊತ್ತಿರುವ ಗಾತ್ರವನ್ನು ಆ್ಯಪ್‌ನ ಸ್ಟ್ರಕ್ಚರ್‌ನಲ್ಲೇ ಬರೆದು ಕೊಡುತ್ತದೆ. ನೀವೂ ಹಾಗೆ ಮಾಡಿದರೆ ಹೊಸ ಆ್ಯಪ್ ಹಳೆಯ ಬೋಟಿನಲ್ಲಿ ತಾನಾಗಿ ಒಂದು ಮೆಟ್ಟಿಲು ಇಳಿದು ಕೆಲಸ ಮಾಡಬಲ್ಲದು. ಗಾತ್ರ 40ಕ್ಕಿಂತ ಕಡಿಮೆಯಿದ್ದರೆ, ಅಥವಾ ಮೆಮೊರಿಯ ಒಂದು ಪುಟಕ್ಕಿಂತ ಹೆಚ್ಚಿದ್ದರೆ, ವಿಚಾರಣೆಯಿಲ್ಲದೆ ತಿರಸ್ಕರಿಸಿ.

ಗಾತ್ರದ ಬದಲು ಆವೃತ್ತಿಯ ಸಂಖ್ಯೆ ಇಡಬಾರದೇ ಎಂದು ನೀವು ಕೇಳಬಹುದು. ಇಡಬಹುದು, ಆದರೆ ಆಗ ಎಷ್ಟನೇ ಆವೃತ್ತಿಗೆ ಎಷ್ಟು ಬೈಟು ಎಂಬ ಕೋಷ್ಟಕವನ್ನು ಎರಡೂ ಕಡೆಯವರು ಇಟ್ಟುಕೊಳ್ಳಬೇಕಾಗುತ್ತದೆ. ಗಾತ್ರವನ್ನಾದರೆ ಆ್ಯಪ್‌ನ ಕಂಪೈಲರೇ ಲೆಕ್ಕ ಹಾಕಿ ಕೊಡುತ್ತದೆ, ಕೋಷ್ಟಕದ ಗೊಡವೆಯಿಲ್ಲ.

ಸೊನ್ನೆಯಲ್ಲದ ಬಾಲವನ್ನು ತಿರಸ್ಕರಿಸುವುದು ಅತಿಯಾಯಿತು ಎಂದು ಅನ್ನಿಸಬಹುದು. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ‘ಮಾತ್ರ’ ಎಂದು ಸೇರಿಸಿ ಉಳಿದ ಜಾಗಕ್ಕೆ ಗೆರೆ ಎಳೆಯುತ್ತೇವಲ್ಲ, ಆ ಸೊನ್ನೆಗಳು ಅಂಥ ಗೆರೆ. ಗೆರೆ ಇದ್ದರೆ ಜಾಗ ಖಾಲಿಯಿದೆ ಎಂಬುದಕ್ಕೆ ಖಾತ್ರಿ. ಗೆರೆ ಇಲ್ಲದಿದ್ದರೆ ಅಲ್ಲಿರುವುದು ಬೇಕೆಂದು ಬರೆದದ್ದೋ, ಕೈತಪ್ಪಿ ಬಿದ್ದ ಮಸಿಯೋ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಬೈಕಂಪಾಡಿಯ ಕಡೆ ಲಾರಿಗಳ ವೇಬ್ರಿಡ್ಜ್ ಒಂದಕ್ಕೆ ಕಾರ್ಡ್ ಡ್ರೈವರ್ ಬರೆದುಕೊಟ್ಟಿದ್ದೆ. ಮುಂದಾಲೋಚನೆಯೆಂದು ಸ್ಟ್ರಕ್ಚರ್‌ನ ಕೊನೆಯಲ್ಲಿ 16 ಬೈಟು ‘ಕಾದಿರಿಸಿದೆ, ಸೊನ್ನೆ ತುಂಬಿ’ ಎಂದು ಕಮೆಂಟ್ ಬರೆದು ಬಿಟ್ಟೆ, ಆದರೆ ಡ್ರೈವರ್‌ನಲ್ಲಿ ಅದನ್ನು ತಪಾಸಣೆ ಮಾಡಲಿಲ್ಲ. ಆ್ಯಪ್ ಬರೆದವರು ಸ್ಟ್ರಕ್ಚರನ್ನು ಸ್ಟ್ಯಾಕ್‌ನಲ್ಲಿ ಹಾಗೆಯೇ ಘೋಷಿಸಿ ತಮಗೆ ಬೇಕಾದ ಸದಸ್ಯಗಳನ್ನಷ್ಟೇ ತುಂಬಿದರು. ಉಳಿದದ್ದರಲ್ಲಿ ಸ್ಟ್ಯಾಕ್‌ನ ಕಸ. ಎರಡು ವರ್ಷ ಎಲ್ಲವೂ ಸರಿಯಾಗಿ ನಡೆಯಿತು. ಕಾದಿರಿಸಿದ ಜಾಗದ ಮೊದಲ 4 ಬೈಟಿಗೆ ನಾನು ‘ಖಾಲಿ ಲಾರಿಯ ತೂಕ ಕಳೆಯಬೇಕು’ ಎಂಬ ಅರ್ಥ ಕೊಟ್ಟ ವಾರವೇ ಹಳೆಯ ಆ್ಯಪ್ ತೋರಿಸುವ ತೂಕಗಳು ಮನಬಂದಂತೆ ಕುಣಿಯತೊಡಗಿದವು. ಕಮೆಂಟ್ ಓದದ್ದು ಅವರ ತಪ್ಪು ಎಂದು ಆಗ ವಾದಿಸಿದ್ದೆ. ಇಂದು ಹಾಗೆ ಹೇಳಲಾರೆ. ಮೊದಲ ದಿನವೇ ಇಇನ್‌ವ್ಯಾಲ್ (‘ಆರ್ಗ್ಯುಮೆಂಟ್ ಸರಿಯಿಲ್ಲ’) ಎಂಬ ದೋಷ ಹಿಂದಿರುಗಿಸಿದ್ದರೆ ಅವರು ಅದೇ ಮಧ್ಯಾಹ್ನ ಸರಿಪಡಿಸಿಕೊಳ್ಳುತ್ತಿದ್ದರು. ಕೊನೆಗೆ ಆ 16 ಬೈಟುಗಳನ್ನು ಶಾಶ್ವತವಾಗಿ ಕೈಬಿಡಬೇಕಾಯಿತು.

ದೊಡ್ಡವರೂ ಈ ಹಳ್ಳಕ್ಕೆ ಬಿದ್ದಿದ್ದಾರೆ. ಕಡತ ತೆರೆಯುವ ಓಪನ್ ಕರೆ ತನಗೆ ಗೊತ್ತಿಲ್ಲದ ಫ್ಲ್ಯಾಗ್ ಬಿಟ್‌ಗಳನ್ನು ಸುಮ್ಮನೆ ಕಡೆಗಣಿಸುತ್ತದೆ. 2013ರಲ್ಲಿ 3.11ನೇ ಆವೃತ್ತಿಗೆ ಹೆಸರಿಲ್ಲದ ತಾತ್ಕಾಲಿಕ ಕಡತದ ಸೌಲಭ್ಯ ಸೇರಿಸುವಾಗ, ಹಳೆಯ ಕರ್ನಲ್ ಹೊಸ ಬಿಟ್ ಅನ್ನು ಕಡೆಗಣಿಸಿ ಬೇರೇನೋ ಮಾಡಿಬಿಡಬಾರದೆಂದು, ಡೈರೆಕ್ಟರಿ ಫ್ಲ್ಯಾಗ್‌ನ ಬಿಟ್ಟನ್ನೂ ಅದರೊಳಗೆ ಸೇರಿಸಿ ಹಳೆಯ ಕರ್ನಲ್‌ನಲ್ಲಿ ಬೇಕೆಂದೇ ದೋಷ ಬರುವಂತೆ ಮಾಡಬೇಕಾಯಿತು. ಜಾಣತನವೇನೋ ಹೌದು, ಆದರೆ ಅಂಥ ಜಾಣತನದ ಅಗತ್ಯ ಬಂದದ್ದೇ ಮೊದಲ ದಿನ ತಪಾಸಣೆ ಇಲ್ಲದ್ದರಿಂದ. 2020ರಲ್ಲಿ 5.6ರೊಂದಿಗೆ ಬಂದ ಓಪನ್‌ಆಟ್2 ಎಂಬ ಹೊಸ ಕರೆ ಗೊತ್ತಿಲ್ಲದ ಬಿಟ್ ಕಂಡರೆ ನೇರವಾಗಿ ನಿರಾಕರಿಸುತ್ತದೆ, ಆರ್ಗ್ಯುಮೆಂಟ್‌ಗಳನ್ನು ಗಾತ್ರ ಸಹಿತವಾದ ಸ್ಟ್ರಕ್ಚರ್‌ನಲ್ಲೇ ಪಡೆಯುತ್ತದೆ.

ಸೊನ್ನೆಯ ನಿಯಮದಿಂದ ನಿಮಗೆ ಬರುವ ಹೊಣೆಯೊಂದಿದೆ: ಹೊಸ ಸದಸ್ಯದ ಸೊನ್ನೆಗೆ ‘ಹಿಂದೆ ಇದ್ದಂತೆಯೇ’ ಎಂಬ ಅರ್ಥವೇ ಇರಬೇಕು. ಸರಾಸರಿಯ ಎಣಿಕೆ ಸೊನ್ನೆ ಎಂದರೆ ಸರಾಸರಿ ಬೇಡ ಎಂದಾಗುತ್ತದೆ, ಅಡ್ಡಿಯಿಲ್ಲ. ಎಚ್ಚರಿಕೆಯ ಮಿತಿಯಲ್ಲಿ ಮಾತ್ರ ನೀವು ಸಿಕ್ಕಿಬೀಳುತ್ತೀರಿ. ಮಂಜುಗಡ್ಡೆ ಕರಗುವುದೇ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೋಟಿನ ಮಾಲಕರು ಇಡಬಯಸುವ ಮಿತಿಯೂ ಅದೇ ಇರಬಹುದು. ಆಗ ಸೊನ್ನೆಯನ್ನು ‘ಎಚ್ಚರಿಕೆ ಬೇಡ’ ಎಂದು ಓದುವಂತಿಲ್ಲ. ಇಂಥ ಕಡೆಗೇ ಫ್ಲ್ಯಾಗ್‌ಗಳು ಬೇಕಾಗುವುದು: ಒಂದು ಬಿಟ್ಟು ‘ಮಿತಿಯ ಸದಸ್ಯ ತುಂಬಿದೆ’ ಎಂದು ಹೇಳಲಿ. ಬಿಟ್ಟು ಇದ್ದರೆ ಸೊನ್ನೆಯೂ ನಿಜವಾದ ಮಿತಿಯೇ. ಬಿಟ್ಟು ಇಲ್ಲದೆ ಸದಸ್ಯದಲ್ಲಿ ಸೊನ್ನೆಯಲ್ಲದ ಬೆಲೆಯಿದ್ದರೆ ಅದೂ ದೋಷವೇ. ಟ್ರಿಗರ್ ಒಂದು ಚಾನೆಲ್‌ನ ಸಂಖ್ಯೆಯಾಗಿದ್ದರೆ ಅದಕ್ಕೂ ಇದೇ ಮಾತು, ಏಕೆಂದರೆ ನಿಮ್ಮ ಚಾನೆಲ್‌ಗಳ ಎಣಿಕೆ ಬಹುಶಃ ಸೊನ್ನೆಯಿಂದಲೇ ಆರಂಭವಾಗುತ್ತದೆ.

ನಕಲು ಮಾಡುವಾಗಿನ ಒಂದು ಸೂಕ್ಷ್ಮವನ್ನು ಬಿಡಬಾರದು. ಗಾತ್ರ ಸ್ಟ್ರಕ್ಚರ್‌ನ ಒಳಗೇ ಇರುವುದರಿಂದ ಡ್ರೈವರ್ ಮೊದಲು ಅದೊಂದನ್ನೇ ಓದಿ, ಅದು ಹೇಳಿದಷ್ಟು ಬೈಟುಗಳನ್ನು ಎರಡನೆಯ ಸಲಕ್ಕೆ ತರುತ್ತದೆ. ಈ ಎರಡು ಓದುಗಳ ನಡುವೆ ಆ್ಯಪ್‌ನಲ್ಲಿ ಜೊತೆಜೊತೆಗೇ ಓಡುವ ಇನ್ನೊಂದು ಥ್ರೆಡ್ ಗಾತ್ರವನ್ನು ಬದಲಿಸಬಹುದು. ಎರಡನೆಯ ಸಲ ಬಂದ ಗಾತ್ರವನ್ನು ನಂಬಿ ಮುಂದೆ ಲೆಕ್ಕ ಹಾಕಿದರೆ ತಪಾಸಣೆ ಮಾಡದ ಸಂಖ್ಯೆಯನ್ನು ನಂಬಿದಂತೆ. ಪರ್ಫ್‌ನಲ್ಲಿ ಮಾಡಿರುವಂತೆ, ನಕಲು ಮುಗಿದ ಕೂಡಲೇ ಮೊದಲು ಪರೀಕ್ಷಿಸಿದ ಗಾತ್ರವನ್ನೇ ಆ ಜಾಗದಲ್ಲಿ ಮತ್ತೆ ಬರೆಯಿರಿ. ಫಲಿತಾಂಶ ಹಿಂದಿರುಗಿಸುವಾಗಲೂ ಆ್ಯಪ್ ಹೇಳಿದ ಗಾತ್ರ, ನಿಮ್ಮ ಗಾತ್ರ, ಇವೆರಡರಲ್ಲಿ ಚಿಕ್ಕದಷ್ಟನ್ನೇ ಬರೆಯಬೇಕು. ಹಳೆಯ ಆ್ಯಪ್‌ನ 40 ಬೈಟಿನ ಜಾಗದಲ್ಲಿ 48 ಬರೆದರೆ ಪಕ್ಕದ ಚರಾಂಶ ಕೆಡುತ್ತದೆ.

ಐಒಸಿಟಿಎಲ್ ಸಂಖ್ಯೆಗಳು ಏಕೆ ಹುಟ್ಟುತ್ತಲೇ ಇವೆ ಎಂಬುದಕ್ಕೆ ಉತ್ತರ ಆ ಸಂಖ್ಯೆಯ ರಚನೆಯಲ್ಲೇ ಇದೆ. ಅದರ 32 ಬಿಟ್ಟುಗಳಲ್ಲಿ ಸಾಮಾನ್ಯವಾಗಿ 2 ದಿಕ್ಕಿಗೆ, 14 ಸ್ಟ್ರಕ್ಚರ್‌ನ ಗಾತ್ರಕ್ಕೆ, 8 ಡ್ರೈವರ್‌ನ ಗುರುತಿಗೆ, 8 ಆಜ್ಞೆಯ ಕ್ರಮಾಂಕಕ್ಕೆ ಮೀಸಲು. ಸ್ಟ್ರಕ್ಚರ್ 40ರಿಂದ 48 ಆದರೆ ಕ್ರಮಾಂಕ ಅದೇ ಇದ್ದರೂ ಪೂರ್ತಿ ಸಂಖ್ಯೆ ಬದಲಾಗುತ್ತದೆ, ಆಜ್ಞೆಗಳನ್ನು ಬೇರ್ಪಡಿಸುವ ನಿಮ್ಮ ಸ್ವಿಚ್‌ನಲ್ಲಿ ಹಳೆಯದು ಹೊಂದುವುದಿಲ್ಲ. ಗ್ರಾಫಿಕ್ಸ್‌ನ ಡಿಆರ್‌ಎಂ ವಿಭಾಗದವರು ಕ್ರಮಾಂಕವನ್ನು ಮಾತ್ರ ಹೋಲಿಸಿ, ಗಾತ್ರದ ಬಿಟ್ಟುಗಳನ್ನು ಆ್ಯಪ್ ಹೇಳಿದ ಗಾತ್ರವೆಂದೇ ಬಳಸಿಕೊಂಡು, ಕಡಿಮೆ ಬಿದ್ದದ್ದನ್ನು ಸೊನ್ನೆಯಿಂದ ತುಂಬುತ್ತಾರೆ. ನೀವು ಸ್ಟ್ರಕ್ಚರ್‌ನೊಳಗೇ ಗಾತ್ರ ಇಟ್ಟಿರುವುದರಿಂದ ಇನ್ನೂ ಸರಳವಾಗಿ, ಮೊದಲ 40ರ ಸಂಖ್ಯೆಯನ್ನೇ ಹೆಡರ್‌ನಲ್ಲಿ ಸ್ಥಿರವಾಗಿ ಬರೆದು ಮುಂದೆಂದೂ ಬದಲಿಸದಿದ್ದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನವನ್ನೂ ಹೇಳಬೇಕು. ನಿಮ್ಮ ಏಳರಲ್ಲಿ ಎಲ್ಲವೂ ಆರ್ಗ್ಯುಮೆಂಟ್‌ಗಳೇ? ಗೇನ್ ಎನ್ನುವುದು ಬೋರ್ಡ್‌ಗೆ ಯಾವ ಸೆನ್ಸರ್ ಬೆಸೆದಿದ್ದೀರಿ ಎಂಬುದರ ಮೇಲೆ ನಿಂತಿದ್ದರೆ ಅದರ ಜಾಗ ಬೋರ್ಡ್‌ನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀ, ಪ್ರತಿ ಕರೆಯಲ್ಲಿ ಅದನ್ನು ಹೊತ್ತು ತರುವ ಅಗತ್ಯವಿಲ್ಲ. ವೇಗ ಮತ್ತು ಫಿಲ್ಟರ್ ವಾರಕ್ಕೊಮ್ಮೆ ಬದಲಾಗುವಂಥವಾದರೆ ಡ್ರೈವರ್‌ನ ಹೊಂದಿಕೆಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಒಂದೊಂದು ಕಡತ ಸಾಕು. ಚಾನೆಲ್, ವೇಗ, ಟ್ರಿಗರ್, ಬಫರ್ ಎಂಬ ಪದಗಳನ್ನು ಓದುತ್ತಿದ್ದಂತೆ ನನಗೆ ನೆನಪಾದದ್ದು ಲಿನಕ್ಸ್‌ನ ಇಂಡಸ್ಟ್ರಿಯಲ್ ಐಒ ವಿಭಾಗ. ಅನಲಾಗ್ ಸಂಕೇತ ಓದುವ ಚಿಪ್‌ಗಳಿಗೆಂದೇ ಅದರಲ್ಲಿ ಇವೆಲ್ಲವೂ ಸಿದ್ಧವಾಗಿವೆ. ನಿಮ್ಮ ಬೋರ್ಡ್ ಅದರೊಳಗೆ ಕೂರುವುದಾದರೆ ಮೇಲೆ ಬರೆದದ್ದರಲ್ಲಿ ಮುಕ್ಕಾಲು ಭಾಗ ನಿಮಗೆ ಬೇಕಾಗುವುದೇ ಇಲ್ಲ. ಕೂರದಿರಲು ಬಲವಾದ ಕಾರಣವಿದ್ದರೆ ಮಾತ್ರ ಸ್ವಂತ ಐಒಸಿಟಿಎಲ್‌ಗೆ ಕೈಹಾಕಿ.

ಈಗಾಗಲೇ ಕಡಲಿನಲ್ಲಿರುವ ಹಳೆಯ ಆಜ್ಞೆಗಳನ್ನು ತೆಗೆಯಬೇಡಿ. ಮೂರು, ನಾಲ್ಕು, ಐದು ಆರ್ಗ್ಯುಮೆಂಟ್‌ಗಳ ಹಳೆಯ ಸಂಖ್ಯೆಗಳು ಸ್ವಿಚ್‌ನಲ್ಲಿ ಹಾಗೆಯೇ ಇರಲಿ. ಒಂದೊಂದೂ ಹೊಸ ಸ್ಟ್ರಕ್ಚರನ್ನು ಸೊನ್ನೆಯಿಂದ ತುಂಬಿ, ತನ್ನಲ್ಲಿರುವುದನ್ನು ಸೇರಿಸಿ, ಹೊಸ ಫಂಕ್ಷನನ್ನೇ ಕರೆಯಲಿ. ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮುಗಿಸಿ, ಹಳೆಯ ಆ್ಯಪ್‌ನ ಬೈನರಿಯನ್ನು ಮತ್ತೆ ಕಂಪೈಲ್ ಮಾಡದೆ ಹೊಸ ಡ್ರೈವರ್‌ನ ಮೇಲೆ ಓಡಿಸಿ ನೋಡಿ. 64 ಬಿಟ್ಟಿನ ಕರ್ನಲ್ ಹಾಕುವ ಉದ್ದೇಶವಿದ್ದರೆ 32 ಬಿಟ್ಟಿನ ಅದೇ ಬೈನರಿಯನ್ನು ಅಲ್ಲಿಯೂ ಓಡಿಸಿ. ಹೊಸ ಸ್ಟ್ರಕ್ಚರ್‌ಗೆ 32 ಬಿಟ್ಟಿನ ಆ್ಯಪ್‌ಗಳಿಗೆಂದಿರುವ ಕರ್ನಲ್‌ನ ಸಿದ್ಧ ಕಂಪ್ಯಾಟ್ ಫಂಕ್ಷನ್ ಸಾಕಾದರೂ ಹಳೆಯ ಆಜ್ಞೆಗಳಲ್ಲಿ ಲಾಂಗ್ ಅಥವಾ ಪಾಯಿಂಟರ್ ಇದ್ದರೆ ಅವುಗಳಿಗೆ ಪ್ರತ್ಯೇಕ ಅನುವಾದ ಬರೆಯಬೇಕಾಗುತ್ತದೆ. ಕೊನೆಗೆ, ಗಾತ್ರವೊಂದನ್ನು ಸರಿಯಾಗಿಟ್ಟು ಉಳಿದ ಎಲ್ಲ ಬೈಟುಗಳಲ್ಲಿ 255 ತುಂಬಿದ ಸ್ಟ್ರಕ್ಚರನ್ನು ಕಳುಹಿಸಿ. ನಿಮ್ಮ ಡ್ರೈವರ್ ಅದಕ್ಕೆ ಯಶಸ್ಸು ಎಂದು ಉತ್ತರಿಸಿದರೆ ಬೋಟಿಗೆ ಹಾಕಬೇಡಿ.